ಪಿಎಂ ಕಿಸಾನ್ ಹಣ ಬಂದಿಲ್ಲವೇ? ಕೃಷಿ ಅಧಿಕಾರಿಗೆ ಕೇಳಿ

ಹಾವೇರಿ ಸದಸ್ಯ: ನಮಸ್ಕಾರ ಸರ್. ಈ ಕಂತಿನ 2,000 ರೂಪಾಯಿ ಪಕ್ಕದ ಹೊಲದವರಿಗೆ ಬಂದಿದೆ, ನನಗೆ ಬಂದಿಲ್ಲ.

ಕೃಷಿ ಅಧಿಕಾರಿ: ನಮಸ್ಕಾರ. ಪೋರ್ಟಲ್‌ನಲ್ಲಿ ಮೂರು ವಿಷಯ ನೋಡಿ: ಇ-ಕೆವೈಸಿ (ಆಧಾರ್ ಮೂಲಕ ಗುರುತು ದೃಢೀಕರಣ), ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಜಮೀನಿನ ದಾಖಲೆ ಜೋಡಣೆ. ಯಾವುದಕ್ಕೆ ‘ಇಲ್ಲ’ ಎಂದಿದೆಯೋ ಇಲ್ಲಿ ಬರೆಯಿರಿ.

ಗದಗ ಸದಸ್ಯ: ನನಗೂ ಬಂದಿಲ್ಲ ಸರ್.

ಕೃಷಿ ಅಧಿಕಾರಿ: ಮೇಲಿನ ಉತ್ತರ ಓದಿ.

ರಾಣೆಬೆನ್ನೂರು ಸದಸ್ಯೆ: ನಮ್ಮ ಯಜಮಾನರು ಹೋದ ವರ್ಷ ತೀರಿಕೊಂಡರು. ಹಣ ಇನ್ನೂ ಅವರ ಖಾತೆಗೇ ಬರುತ್ತಿದೆ, ಮೈದುನ ಎಟಿಎಂನಲ್ಲಿ ತೆಗೆಯುತ್ತಾನೆ. ಪಹಣಿಯೂ ಅವರ ಹೆಸರಲ್ಲೇ ಇದೆ. ಯಾರಿಗೂ ಹೇಳಬೇಡ, ನಿಂತು ಹೋಗುತ್ತೆ ಅಂತಾನೆ. ಮೂರು ಎಕರೆ ಮೆಕ್ಕೆಜೋಳ ಮಾಡಿಸುತ್ತಿರುವುದು ನಾನು.

ಕೃಷಿ ಅಧಿಕಾರಿ: ಅಮ್ಮಾ, ದಯವಿಟ್ಟು ಮುಚ್ಚಿಡಬೇಡಿ. ತೀರಿಕೊಂಡವರ ಹೆಸರಿಗೆ ಬಂದ ಕಂತನ್ನು ಸರ್ಕಾರ ವಾಪಸ್ ಕೇಳಬಹುದು. ಮೊದಲು ಬ್ಯಾಂಕಿಗೆ ಮರಣ ಪ್ರಮಾಣಪತ್ರ ಕೊಡಿ, ಎಟಿಎಂ ಬಳಕೆ ನಿಲ್ಲಲಿ. ರೈತ ಸಂಪರ್ಕ ಕೇಂದ್ರಕ್ಕೂ ತಿಳಿಸಿ. ಆಮೇಲೆ ವಂಶವೃಕ್ಷ ಮಾಡಿಸಿ ನಾಡಕಚೇರಿಯಲ್ಲಿ ಪೌತಿ ಖಾತೆಗೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸಲು) ಅರ್ಜಿ ಹಾಕಿ. ಪಹಣಿಯಲ್ಲಿ ನಿಮ್ಮ ಹೆಸರು ಬಂದ ಮೇಲೆ ರಾಜ್ಯದ ರೈತ ನೋಂದಣಿ ತಂತ್ರಾಂಶ ಫ್ರೂಟ್ಸ್‌ನಲ್ಲಿ ನಿಮ್ಮದೇ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಮಾಡಿಸಿ, ಪಿಎಂ ಕಿಸಾನ್‌ಗೆ ಹೊಸದಾಗಿ ನೋಂದಾಯಿಸಿ. 2019ರ ಫೆಬ್ರವರಿ 1ರ ನಂತರ ಕೊಂಡ ಜಮೀನಿಗೆ ಈ ಹಣ ಇಲ್ಲ. ಆದರೆ ಮಾಲೀಕರು ತೀರಿಕೊಂಡು ವಾರಸುದಾರರಿಗೆ ಬಂದ ಜಮೀನಿಗೆ ಆ ಗಡುವು ಅಡ್ಡಿಯಲ್ಲ.

ವರ್ಷದ 6,000ಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಬೆಳೆ ಪರಿಹಾರ, ಬೆಳೆ ವಿಮೆ, ಬೆಂಬಲ ಬೆಲೆ ಖರೀದಿ ಎಲ್ಲಕ್ಕೂ ಎಫ್‌ಐಡಿ ಬೇಕು. 2023ರ ಬರದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ ಪರಿಹಾರ ದರ ಇತ್ತು. ನಾಳೆ ನಿಮ್ಮ ಮೆಕ್ಕೆಜೋಳ ಹಾಳಾದರೆ ಆ ದುಡ್ಡು ಯಾರ ಹೆಸರಿಗೆ ಹೋಗಬೇಕು? ತಡ ಮಾಡಬೇಡಿ.

ಶಿಗ್ಗಾವಿ ಸದಸ್ಯ: ಫಾರ್ವರ್ಡ್ ಬಂದಿದೆ. ಈ ಪಿಎಂ ಕಿಸಾನ್ ಎಪಿಕೆ ಫೈಲ್ (ಮೊಬೈಲ್ ಆ್ಯಪ್) ಹಾಕಿಕೊಂಡರೆ ಇ-ಕೆವೈಸಿ ತಾನಾಗಿ ಆಗುತ್ತದೆ. ಎಲ್ಲರಿಗೂ ಕಳಿಸಿ.

ಕೃಷಿ ಅಧಿಕಾರಿ: ತಕ್ಷಣ ಅಳಿಸಿ! ಇಂಥ ಫೈಲ್ ಒಟಿಪಿ ಕದ್ದು ಖಾತೆ ಖಾಲಿ ಮಾಡುತ್ತದೆ. ಯಾರೂ ಒತ್ತಬೇಡಿ. ಒತ್ತಿದ್ದರೆ ಮೊಬೈಲ್ ಡೇಟಾ ಆಫ್ ಮಾಡಿ ಬ್ಯಾಂಕಿಗೆ ಹೇಳಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಸಲ ಹೇಳಬೇಕು?

ಶಿಗ್ಗಾವಿ ಸದಸ್ಯ: ಒಳ್ಳೆಯದಾಗಲಿ ಅಂತ ಹಾಕಿದೆ, ಅದಕ್ಕೇಕೆ ಇಷ್ಟು ಸಿಟ್ಟು?

ಕೃಷಿ ಅಧಿಕಾರಿ: ಇನ್ನೂ ಅಳಿಸಿಲ್ಲ ನೀವು.

ಬ್ಯಾಡಗಿ ಸದಸ್ಯ: ಸರ್, ನಾನು ಬೇರೆಯವರ ಜಮೀನು ಲಾವಣಿಗೆ (ಗುತ್ತಿಗೆಗೆ) ಮಾಡುತ್ತೇನೆ. ದುಡ್ಡು ಬೆಂಗಳೂರಲ್ಲಿರುವ ಮಾಲೀಕರಿಗೆ ಹೋಗುತ್ತದೆ. ನನಗೆ ದಾರಿ ಇದೆಯಾ?

ಸವಣೂರು ಸದಸ್ಯ: ಜಮೀನು ಅವರದು, ದುಡ್ಡೂ ಅವರದೇ.

ಬ್ಯಾಡಗಿ ಸದಸ್ಯ: ಬೀಜ, ಗೊಬ್ಬರ, ಸಾಲ ನನ್ನದು. ಮಳೆ ಹೋದರೆ ಅವರಿಗೇನು ನಷ್ಟ?

ಸವಣೂರು ಸದಸ್ಯ: ಹಾಗಾದರೆ ಲಾವಣಿ ಬಿಡಿ. ಯಾರು ಬೇಡ ಅಂದರು?

ಬ್ಯಾಡಗಿ ಸದಸ್ಯ: ನಿಮ್ಮದು ಎಷ್ಟು ಎಕರೆ ಲಾವಣಿಗೆ ಕೊಟ್ಟಿದ್ದೀರಿ ಅಂತ ಇಲ್ಲಿ ಎಲ್ಲರಿಗೂ ಗೊತ್ತು.

ಹಾನಗಲ್ ಸದಸ್ಯ: ಇಬ್ಬರೂ ಸುಮ್ನೆ ಇರಿ, ಬೇರೆಯವರ ಪ್ರಶ್ನೆ ಮೇಲೆ ಹೋಗ್ತಿದೆ.

ರಾಣೆಬೆನ್ನೂರು ಸದಸ್ಯೆ: ಸರ್, ಪೌತಿ ಖಾತೆಗೆ ಮೈದುನ ಸಹಿ ಹಾಕಲ್ಲ ಅಂತಾನೆ.

ಕೃಷಿ ಅಧಿಕಾರಿ: ಜಮೀನು ಪಾಲಾಗಿ ಯಜಮಾನರ ಸ್ವಂತ ಹೆಸರಲ್ಲಿತ್ತಾ? ಹಾಗಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮೊದಲ ವಾರಸುದಾರರು ನೀವು, ಗಂಡು ಹೆಣ್ಣು ಮಕ್ಕಳು ಮತ್ತು ಬದುಕಿದ್ದರೆ ನಿಮ್ಮ ಅತ್ತೆ. ಮೈದುನ ಅಲ್ಲ. ತಕರಾರು ಹಾಕಿದರೆ ತಹಶೀಲ್ದಾರರ ಮುಂದೆ ವಿಚಾರಣೆ ನಡೆಯುತ್ತದೆ, ಹೆದರಬೇಡಿ. ಪಹಣಿ ತೆಗೆದುಕೊಂಡು ಸೋಮವಾರ ಕೇಂದ್ರಕ್ಕೆ ಬನ್ನಿ.

ಗದಗ ಸದಸ್ಯ: ಸರ್, ನನ್ನದು ಮೂರೂ ‘ಹೌದು’ ಅಂತಲೇ ಇದೆ. ಆದರೂ ಬಂದಿಲ್ಲ.

ಹಿರೇಕೆರೂರು ಸದಸ್ಯ: ನನಗೂ ಬಂದಿಲ್ಲ ಸರ್.