ಸಹಾಯ ಬೇಕು: ಸಿಂಥೆಟಿಕ್ ಬಯಾಲಜಿ ಗೋಷ್ಠಿಗೆ ಚರ್ಚೆ ನಡೆಸಿಕೊಡುವವರು

ಎಲ್ಲರಿಗೂ ನಮಸ್ಕಾರ. ನಾವು ಕೆಲವು ವಿದ್ಯಾರ್ಥಿಗಳು ಸೇರಿ ನಮ್ಮ ವಿಶ್ವವಿದ್ಯಾಲಯದಲ್ಲಿ ಸಿಂಥೆಟಿಕ್ ಬಯಾಲಜಿ (ಜೀವಿಗಳ ಡಿಎನ್‌ಎಯನ್ನು ಬೇಕಾದಂತೆ ವಿನ್ಯಾಸ ಮಾಡುವ ವಿಜ್ಞಾನ) ಬಗ್ಗೆ ಒಂದು ದಿನದ ವಿಚಾರಗೋಷ್ಠಿ ಮಾಡುತ್ತಿದ್ದೇವೆ. ಬೆಳಗಿನ ಭಾಗ ಸಿದ್ಧವಾಗಿದೆ. 2010ರಲ್ಲಿ ಅಮೆರಿಕದ ವಿಜ್ಞಾನಿ ಕ್ರೇಗ್ ವೆಂಟರ್ ತಂಡ ಲ್ಯಾಬಿನಲ್ಲಿ ಜೋಡಿಸಿದ ಜೀನೋಮ್‌ನಿಂದ (ಜೀವಿಯ ಪೂರ್ತಿ ಡಿಎನ್‌ಎ) ಬ್ಯಾಕ್ಟೀರಿಯಾ ಕೋಶ ಬದುಕಿದ್ದು, ಯೀಸ್ಟ್ ಬಳಸಿ ಮಲೇರಿಯಾ ಔಷಧಿಗೆ ಬೇಕಾದ ಆರ್ಟೆಮಿಸಿನಿಕ್ ಆಮ್ಲ ತಯಾರಿಸಿದ್ದು, ಇದನ್ನೆಲ್ಲ ವಿವರಿಸಲು ಜನ ಸಿಕ್ಕಿದ್ದಾರೆ.

ತಲೆನೋವು ಮಧ್ಯಾಹ್ನದ ನೈತಿಕತೆ ಚರ್ಚೆಯದ್ದು. ವಿಜ್ಞಾನದವರು 'ಅದು ತತ್ವಶಾಸ್ತ್ರದವರ ಕೆಲಸ' ಅನ್ನುತ್ತಾರೆ. ತತ್ವಶಾಸ್ತ್ರದವರು 'ನಮಗೆ ಡಿಎನ್‌ಎ ಅರ್ಥವಾಗಲ್ಲ' ಅನ್ನುತ್ತಾರೆ. ನಡುವೆ ನಾವು!

ಸುಮ್ನೆ 'ಒಳ್ಳೆಯದೋ ಕೆಟ್ಟದ್ದೋ' ಅಂತ ವಾದ ಬೇಡ. ಜೀನ್ ಡ್ರೈವ್ (ಒಂದು ಜೀನ್ ಬಹುತೇಕ ಎಲ್ಲ ಮರಿಗಳಿಗೂ ದಾಟುವಂತೆ ಮಾಡುವ ತಂತ್ರ) ಇರುವ ಸೊಳ್ಳೆ ಬಿಟ್ಟರೆ ಅದು ಗಡಿ ನೋಡಿ ನಿಲ್ಲುವುದಿಲ್ಲ, ಅಲ್ವಾ? ಹಾಗಾದರೆ ಯಾರ ಒಪ್ಪಿಗೆ ಕೇಳಬೇಕು? 1975ರಲ್ಲಿ ಅಮೆರಿಕದ ಅಸಿಲೊಮಾರ್‌ನಲ್ಲಿ ನಡೆದ ಸಭೆಯಲ್ಲಿ ಡಿಎನ್‌ಎ ಜೋಡಿಸುವ ಪ್ರಯೋಗಗಳ ಬಗ್ಗೆ ವಿಜ್ಞಾನಿಗಳೇ ಕೂತು ತಮ್ಮ ಕೆಲಸಕ್ಕೆ ನಿಯಮ ಹಾಕಿಕೊಂಡರು. ಇವತ್ತಿಗೂ ಅಷ್ಟು ಸಾಕಾ? ಇಂಥ ಪ್ರಶ್ನೆ ಬೇಕು.

ಒಂದೂವರೆ ಗಂಟೆ ಚರ್ಚೆ ನಡೆಸಿಕೊಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಆನ್‌ಲೈನ್ ಆದರೂ ಸರಿ. ಸಂಭಾವನೆ ಜಾಸ್ತಿ ಕೊಡಲು ಆಗಲ್ಲ, ಮೊದಲೇ ಹೇಳಿಬಿಡುತ್ತೇನೆ.