ಅಪ್‌ಡೇಟ್: ಹಾಸನದ ಸರ್ಕಾರಿ ಸೀಟೋ, ಬೆಂಗಳೂರಿನ ಹೆಸರಾಂತ ಖಾಸಗಿ ಕಾಲೇಜೋ?

ಮಗಳ ಎಂಬಿಬಿಎಸ್‌ಗೆ ಕಾಲೇಜುಗಳ ಆದ್ಯತಾ ಪಟ್ಟಿಯಲ್ಲಿ ಇವೆರಡರಲ್ಲಿ ಯಾವುದನ್ನು ಮೇಲಿಡಬೇಕು ಎಂದು ಇಲ್ಲಿ ಕೇಳಿದ್ದೆ. ಹಾಸನವೇ ಖಾಯಂ ಆಯಿತು. ಸಲಹೆ ಕೊಟ್ಟವರಿಗೆಲ್ಲ ಧನ್ಯವಾದ.

ಖಾಸಗಿ ಕಾಲೇಜಿನ ಖಾಸಗಿ ಕೋಟಾದಲ್ಲಿ ಶುಲ್ಕ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು, ಸರ್ಕಾರಿ ಕಾಲೇಜಿನಲ್ಲಿ ಲಕ್ಷದೊಳಗೆ. ಪೂರ್ತಿ ಕೋರ್ಸಿಗೆ 50 ಲಕ್ಷ ಸಾಲ ಮಾಡಿದರೆ, ಶೇ 10ರಂತೆ ಬಡ್ಡಿಯೇ ವರ್ಷಕ್ಕೆ 5 ಲಕ್ಷ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಅದು ಬೆಳೆಯುತ್ತಲೇ ಇರುತ್ತದೆ. ಇನ್ನು ಮುಂದೆ ಪಿಜಿ (ಎಂಡಿ, ಎಂಎಸ್) ಸೀಟು ಕೊಡಿಸುವುದು ನೀಟ್ ಪಿಜಿ ರ‍್ಯಾಂಕ್, ಕಾಲೇಜಿನ ಹೆಸರಲ್ಲ.

ಕೆಇಎ (ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಆದ್ಯತಾ ಪಟ್ಟಿ, ಮಾಡುವವರು ದಯವಿಟ್ಟು ಗಮನಿಸಿ: ಒಂದೇ ಖಾಸಗಿ ಕಾಲೇಜು ಸರ್ಕಾರಿ ಕೋಟಾ, ಖಾಸಗಿ ಕೋಟಾ ಎಂದು ಬೇರೆ ಬೇರೆಯಾಗಿ ಬರುತ್ತದೆ, ಶುಲ್ಕ ನೋಡಿಯೇ ಕ್ರಮಸಂಖ್ಯೆ ಕೊಡಿ. ಕೈಗೆಟುಕದ್ದು ಮೇಲಿದ್ದು ಅದೇ ಸಿಕ್ಕರೆ, ಕೆಳಗಿನ ಆಪ್ಷನ್‌ಗಳನ್ನು ಪರಿಗಣಿಸುವುದೇ ಇಲ್ಲ. ಚಾಯ್ಸ್ 2 (ಸಿಕ್ಕ ಸೀಟು ಇಟ್ಟುಕೊಂಡು ಇನ್ನೂ ಮೇಲಿನದಕ್ಕೆ ಕಾಯುವ ಆಯ್ಕೆ) ಒತ್ತಿ ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೂ ಅಷ್ಟೇ, ಹಳೆಯ ಸೀಟು ಬೇರೆಯವರ ಪಾಲು.