ಒಂಬತ್ತರ ತಂತಿ ಹಾಕಿದ ಮೇಲೆ ಗಿಟಾರ್ ಗರಗರ ಅಂತಿದೆ, ಫ್ರೆಟ್ ಬದಲಾಯಿಸಲೇಬೇಕಾ?

ಪ್ರಶ್ನೆ: ಸರ್, ನನ್ನದು ಸ್ಟ್ರಾಟ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್, 22 ಫ್ರೆಟ್ (ಬೆರಳು ಒತ್ತುವ ಕಡೆ ಇರುವ ಲೋಹದ ಅಡ್ಡಪಟ್ಟಿಗಳು). ಮೂರು ವರ್ಷದಿಂದ 10-46 ತಂತಿ ಇತ್ತು (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ). ಬೆಂಡ್ ಮಾಡುವಾಗ (ತಂತಿಯನ್ನು ಪಕ್ಕಕ್ಕೆ ಎಳೆಯುವಾಗ) ಬೆರಳು ನೋಯುತ್ತದೆ ಅಂತ ಹೋದ ತಿಂಗಳು 9-42 ಹಾಕಿದೆ. ಅವತ್ತಿನಿಂದ ಗರಗರ. ದಪ್ಪ ತಂತಿಗಳಲ್ಲಿ, 1ರಿಂದ 5ನೇ ಫ್ರೆಟ್ ತನಕ ಜಾಸ್ತಿ. 12 ದಾಟಿದರೆ ಏನೂ ಇಲ್ಲ. ಸ್ಯಾಡಲ್ (ಗಿಟಾರಿನ ಮೈ ಮೇಲೆ ತಂತಿ ಕೂರುವ ಚಿಕ್ಕ ತುಂಡು) ಸ್ಕ್ರೂ ತಿರುಗಿಸಿ ತಿರುಗಿಸಿ ತಂತಿ ಎತ್ತಿದ್ದೇನೆ, ಈಗ ಕೆಳಗೆ ಜಿರಳೆ ಓಡಾಡುವಷ್ಟು ಜಾಗ ಇದೆ, ಆದರೂ ಶಬ್ದ ಪೂರ್ತಿ ಹೋಗಿಲ್ಲ. ಒಂದು ಅಂಗಡಿಯಲ್ಲಿ ತೋರಿಸಿದರೆ ನೋಡಿದ ತಕ್ಷಣ ಫ್ರೆಟ್ ಎಲ್ಲಾ ಬದಲಾಯಿಸಬೇಕು ಅಂದರು. ನಿಜಾನಾ?

ಉತ್ತರ: ದುಡ್ಡು ಕೊಡಬೇಡಿ, ತಡೀರಿ. ಫ್ರೆಟ್ ಸವೆದು ಹೋಗಿದ್ದರೆ ಹಳೇ ತಂತಿಯಲ್ಲೂ ಗರಗರ ಅನ್ನಬೇಕಿತ್ತು, ಅಲ್ವಾ? ನೀವು ಬದಲಾಯಿಸಿದ್ದು ತಂತಿ ಮಾತ್ರ. ಹಾಗಾಗಿ ಅಲ್ಲಿಂದಲೇ ಹುಡುಕೋಣ.

10ರ ಸೆಟ್ ಶ್ರುತಿಯಲ್ಲಿದ್ದಾಗ ನೆಕ್ಕನ್ನು, ಅಂದರೆ ಫ್ರೆಟ್‌ಗಳಿರುವ ಉದ್ದನೆಯ ಭಾಗವನ್ನು, ಸುಮಾರು 46 ಕೆ.ಜಿ. ಬಲದಲ್ಲಿ ಎಳೆಯುತ್ತದೆ. 9ರ ಸೆಟ್ ಸುಮಾರು 38 ಕೆ.ಜಿ. ನೆಕ್ ಒಳಗಿನ ಟ್ರಸ್ ರಾಡ್ ಅನ್ನುವ ಲೋಹದ ಸರಳು ಮಾತ್ರ ಹಳೇ ಲೆಕ್ಕದಲ್ಲೇ ಹಿಂದಕ್ಕೆ ಎಳೆಯುತ್ತಾ ಕೂತಿದೆ. ತಂತಿಯ ಎಳೆತ ಕಮ್ಮಿಯಾಯಿತು, ರಾಡ್ ಗೆದ್ದಿತು, ನೆಕ್ ನೆಟ್ಟಗಾಯಿತು, ಸ್ವಲ್ಪ ಹಿಂದಕ್ಕೂ ಬಾಗಿರಬಹುದು. ತಂತಿ ಅದುರುವುದಕ್ಕೆ ನೆಕ್ಕಿನಲ್ಲಿ ಒಂದು ಚೂರು ಮುಂಬಾಗು ಬೇಕು. ಅದಿಲ್ಲದಿದ್ದರೆ ಮೊದಲ ಫ್ರೆಟ್‌ಗಳಲ್ಲಿ ನೀವು ಒತ್ತಿದ ತಂತಿ ಮುಂದಿನ ಫ್ರೆಟ್‌ಗೆ ಬಡಿಯುತ್ತದೆ.

ಸ್ಯಾಡಲ್ ಎತ್ತಿ ಯಾಕೆ ಪ್ರಯೋಜನ ಆಗಲಿಲ್ಲ ಅಂದರೆ, ಅಲ್ಲಿ 1 ಮಿ.ಮೀ. ಎತ್ತಿದರೆ 12ನೇ ಫ್ರೆಟ್ ಮೇಲೆ ತಂತಿ ಏರುವುದು ಅರ್ಧ ಮಿ.ಮೀ., 1ನೇ ಫ್ರೆಟ್ ಮೇಲೆ 0.06 ಮಿ.ಮೀ. ಕೂಡ ಇಲ್ಲ. ನೋವು ಒಂದು ಕಡೆ, ಔಷಧಿ ಇನ್ನೊಂದು ಕಡೆ.

ಹೀಗೆ ಮಾಡಿ. ತಂತಿ ಶ್ರುತಿ ಮಾಡಿ, ಗಿಟಾರನ್ನು ನುಡಿಸುವ ಭಂಗಿಯಲ್ಲೇ ತೊಡೆ ಮೇಲೆ ಇಟ್ಟುಕೊಳ್ಳಿ. 1ನೇ ಫ್ರೆಟ್‌ಗೆ ಕೇಪೋ (ಎಲ್ಲಾ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ದಪ್ಪ ಇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, 7 ಅಥವಾ 8ನೇ ಫ್ರೆಟ್ ಮೇಲೆ ಎಷ್ಟು ಸಂದು ಇದೆ ನೋಡಿ. 0.25 ಮಿ.ಮೀ. ಹತ್ತಿರ ಇರಬೇಕು. ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಟಿಕ್ ಅಂತ ಚಿಕ್ಕ ಸದ್ದು ಬರಬೇಕು. ತಂತಿ ಅಲ್ಲಾಡದೆ ಫ್ರೆಟ್ ಮೇಲೇ ಮಲಗಿದ್ದರೆ ನನ್ನ ಅನುಮಾನ ಸರಿ.

ಇನ್ನೊಂದು ವಿಷಯ. ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಹಾಕಿದಾಗ ಶಬ್ದ ಕೇಳಿಸುತ್ತದಾ? ಬರೀ ಗಿಟಾರ್ ಹತ್ತಿರ ಕಿವಿ ಇಟ್ಟಾಗ ಮಾತ್ರ ಕೇಳಿಸುವ ಸಣ್ಣ ಗರಗರಕ್ಕೆ ಎಲೆಕ್ಟ್ರಿಕ್‌ನಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ತಂಬೂರಿಗಂತೂ ಜೀವಾಳದ ದಾರ ಸಿಕ್ಕಿಸಿ ಬೇಕಂತಲೇ ಜುಂಯ್ ಅನ್ನಿಸುತ್ತಾರೆ!

ಪ್ರಶ್ನೆ: ಆಂಪ್‌ನಲ್ಲೂ ಕೇಳಿಸುತ್ತೆ ಸರ್. 0.25 ಮಿ.ಮೀ. ಅಳೆಯೋದು ಹೇಗೆ? ನನ್ನ ಹತ್ತಿರ ಶಾಲೆಯ ಸ್ಕೇಲ್ ಬಿಟ್ಟರೆ ಏನಿಲ್ಲ.

ಉತ್ತರ: ಬೆಂಗಳೂರಿನ ಜೆ.ಸಿ. ರಸ್ತೆಯ ಆಟೋಮೊಬೈಲ್ ಅಂಗಡಿಗಳಲ್ಲಿ ಫೀಲರ್ ಗೇಜ್ ಕೇಳಿ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡೋಕೆ ಇಟ್ಟುಕೊಂಡಿರ್ತಾರಲ್ಲ, ಚಾಕುವಿನ ಹಾಗೆ ಬಿಚ್ಚಿಕೊಳ್ಳುವ ಉಕ್ಕಿನ ಎಲೆಗಳು, ಅದೇ. ಗಿಟಾರ್‌ಗೆ ಅಂತ ಬೇರೆ ತಗೋಬೇಕಿಲ್ಲ.

ಮತ್ತೊಬ್ಬ ಸದಸ್ಯರು: ಟ್ರಸ್ ರಾಡ್ ಮುಟ್ಟಬೇಡಿ ಗುರು, ಮುರಿದರೆ ಗಿಟಾರ್ ಕಥೆ ಮುಗೀತು.

ಉತ್ತರ: ಮುರಿಯುವುದು ಸಾಮಾನ್ಯವಾಗಿ ಬಿಗಿ ಮಾಡುವಾಗ. ಇವರು ಮಾಡಬೇಕಾಗಿರುವುದು ಸಡಿಲ. ಆದರೂ ಹುಷಾರಾಗಿರಿ ಅನ್ನುವುದು ಸರಿ. ರಾಡ್ ತಿರುಗಿಸಲು ಕಂಪನಿ ಕೊಟ್ಟ ಅಲೆನ್ ಕೀಯನ್ನೇ (ಆರು ಮೂಲೆಯ ಕೀ) ಬಳಸಿ. 1/8 ಇಂಚಿನ ಜಾಗಕ್ಕೆ 3 ಮಿ.ಮೀ. ಕೀ ಹೋಗುತ್ತದೆ, ಆದರೆ ಸಡಿಲ, ಒಳಗಿನ ಮೂಲೆಗಳನ್ನು ಸವೆಸಿ ಗುಂಡಗೆ ಮಾಡಿಬಿಡುತ್ತದೆ. ಶುರುವಿನ ದಿನಗಳಲ್ಲಿ ನಾನೇ ಒಂದನ್ನು ಹಾಗೆ ಕೆಡಿಸಿ, ಅದನ್ನು ಹೊರಗೆ ತೆಗೆಯಲು ಎರಡು ದಿನ ಒದ್ದಾಡಿದ್ದೇನೆ.

ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ಉಲ್ಟಾ, ಕಾಲು ಸುತ್ತು ಮಾತ್ರ. ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಸಾಲದಿದ್ದರೂ ಅವತ್ತಿಗೆ ಬಿಡಿ. ಮರ ಕೂರೋಕೆ ಒಂದು ರಾತ್ರಿ ಬೇಕಾಗಬಹುದು. ಅದಾದ ಮೇಲೆ ಸ್ಯಾಡಲ್ ಇಳಿಸಿ, 17ನೇ ಫ್ರೆಟ್ ಮೇಲೆ ತಂತಿಯ ಅಡಿಗೆ 1.6 ಮಿ.ಮೀ. ಇರಲಿ. ಯಾವತ್ತೂ ನೆಕ್ ಮೊದಲು, ಸ್ಯಾಡಲ್ ಆಮೇಲೆ.

ಪ್ರಶ್ನೆ: ಸರ್, ಮೊದಲು ಅಳೆದಾಗ ಸಂದೇ ಇರಲಿಲ್ಲ, ಅತಿ ತೆಳು ಎಲೆ ಕೂಡ ತೂರಲಿಲ್ಲ. ಕಾಲು ಸುತ್ತು ಸಡಿಲಿಸಿದೆ, ಬೆಳಗ್ಗೆ ಎದ್ದು ನೋಡಿದರೆ 0.2. ದಪ್ಪ ತಂತಿಗಳು ಗಂಟೆ ಹೊಡೆದ ಹಾಗೆ ಕೇಳಿಸ್ತಿವೆ! ಆದರೆ ಸ್ಯಾಡಲ್ ಇಳಿಸಿದ ಮೇಲೆ ಜಿ ತಂತಿಯಲ್ಲಿ 14ನೇ ಫ್ರೆಟ್ ಒತ್ತಿದರೆ ಸ್ವರ ಟಪ್ ಅಂತ ಸಾಯುತ್ತೆ. ಅದೊಂದೇ ಜಾಗ.

ಉತ್ತರ: 0.2 ಸಾಕು, ರಾಡ್ ಇನ್ನು ಮುಟ್ಟಬೇಡಿ. ಒಂದೇ ಜಾಗದಲ್ಲಿ ಅಂದರೆ ಅದರ ಮುಂದಿನದು, 15ನೇ ಫ್ರೆಟ್, ಎದ್ದಿರಬೇಕು. ಇಷ್ಟು ದಿನ ತಂತಿ ಎತ್ತರದಲ್ಲಿದ್ದದ್ದಕ್ಕೆ ಗೊತ್ತಾಗಿಲ್ಲ. ಹಳೇ ಎಟಿಎಂ ಕಾರ್ಡನ್ನು ಅಡ್ಡಕ್ಕೆ ಅರ್ಧ ಕತ್ತರಿಸಿ. ಕತ್ತರಿಸಿದ್ದರಿಂದ ಅರ್ಧಕ್ಕೆ ಇಳಿದ ಗಿಡ್ಡ ಅಂಚನ್ನು ಜಿ ತಂತಿಯ ಪಕ್ಕ 14, 15, 16ನೇ ಫ್ರೆಟ್‌ಗಳ ಮೇಲೆ ನೆಟ್ಟಗೆ ನಿಲ್ಲಿಸಿ. ಮೂರೇ ಫ್ರೆಟ್ ಮೇಲೆ ಕೂರಬೇಕು. ಏತದ ಹಾಗೆ ಆ ಕಡೆ ಈ ಕಡೆ ಕಟಕಟ ಆಡಿದರೆ ನಡುವಿನದು ಎತ್ತರ.

ವೀಣೆ ಆಗಿದ್ದರೆ ಮೇಣ ಬಿಸಿ ಮಾಡಿ ಮೆಟ್ಟಿಲನ್ನು ಮತ್ತೆ ಕೂರಿಸಬಹುದಿತ್ತು. ಇಲ್ಲಿ ಫ್ರೆಟ್‌ನ ಬುಡ ಮರದ ಗೀರಿನೊಳಗೆ ಕಚ್ಚಿಕೊಂಡಿರುತ್ತದೆ. ಸುಮ್ನೆ ಎದ್ದಿದ್ದರೆ ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಅಂಟು ಬಿಟ್ಟು ಒತ್ತಿ ಹಿಡಿದರೆ ಕೂರುತ್ತದೆ. ಕೂರದಿದ್ದರೆ ಅದೊಂದನ್ನು ಅರದಿಂದ ಉಜ್ಜಿ, ತಲೆಯನ್ನು ಮತ್ತೆ ದುಂಡಗೆ ಮಾಡಬೇಕು. ಈ ಕೆಲಸ ಮನೆಯಲ್ಲಿ ಬೇಡ, ಒಂದು ಎಳೆ ಜಾಸ್ತಿ ಉಜ್ಜಿದರೆ ಗರಗರ 14ರಿಂದ 15ಕ್ಕೆ ವರ್ಗ ಆಗುತ್ತದೆ ಅಷ್ಟೇ.

ಪ್ರಶ್ನೆ: ಆಡ್ತಿದೆ ಸರ್, ಕಟಕಟ ಅಂತ. ಶನಿವಾರ ನಿಮ್ಮ ಹತ್ತಿರವೇ ತರಲಾ? ತಂತಿ ಬಿಚ್ಚಿ ತರಬೇಕಾ?

ಉತ್ತರ: ತನ್ನಿ. ತಂತಿ ಬಿಚ್ಚಬೇಡಿ, ಶ್ರುತಿ ಮಾಡಿದ ಹಾಗೇ ಇರಲಿ. ಬಿಚ್ಚಿದರೆ ನೆಕ್ ಬೇರೆ ಥರ ನಿಲ್ಲುತ್ತದೆ, ನನಗೆ ಏನೂ ಗೊತ್ತಾಗಲ್ಲ. ಆ ಅರ್ಧ ಕಾರ್ಡೂ ತನ್ನಿ, ನನ್ನದು ಎಲ್ಲೋ ಕಳೆದುಹೋಗಿದೆ.